ದೋಣಿ ತಿರುಗಿಸಿದ ಹುಡುಗಿಯರು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಐವತ್ತರ ಆಸುಪಾಸಿನ ಇಬ್ಬರು ಹೆಂಗಸರು ಕೂತಿದ್ದರು. ಕಣ್ಣಿಗೆ ಔಷಧಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿದ್ದರು. ಒಬ್ಬರು ಟೈಲರ್, ಇನ್ನೊಬ್ಬರು ಶಾಲೆಯ ಪೀಟಿ ಟೀಚರ್ ಎಂದು ಮಾತಿನಿಂದಲೇ ತಿಳಿಯಿತು.

"ನಾಳೆಯಿಂದ ನಮ್ಮ ಮಕ್ಕಳಿಗೆ ಕ್ಯಾಂಪು ಕಣೆ," ಎಂದರು ಟೀಚರ್. "ಕೆರೇಲಿ ದೋಣಿ ಪಂದ್ಯಾನೂ ಇಟ್ಟಿದೀನಿ."

"ನಾವು ಶಾಲೇಲಿದ್ದಾಗಿನ ಕ್ಯಾಂಪಿನ ಹಾಗೇನಾ? ಅವತ್ತು ನಾವೇ ಗೆಲ್ಲಬೇಕಿತ್ತು. ನನ್ನಿಂದ ಸೋತ್ವಿ," ಟೈಲರ್ ನಕ್ಕರು.

"ನೀನು ದಡದಲ್ಲೇ ಕಲ್ಲಿನ ಹಾಗೆ ಕೂತ್ಬಿಟ್ಟೆ."

"ಅರ್ಧ ಕೆರೆ ದಾಟಿದೋರು ನನಗೋಸ್ಕರ ದೋಣಿ ತಿರುಗಿಸ್ಕೊಂಡು ಬಂದ್ರಿ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ನಾನು ಯಾರ ಹತ್ರಾನೂ ಮಾತೇ ಆಡ್ತಿರ್ಲಿಲ್ಲ."

"ನಿಮ್ಮಮ್ಮ ಹೋಗಿ ಇನ್ನೂ ತಿಂಗಳಾಗಿರ್ಲಿಲ್ಲ ಅಲ್ವಾ?"

ಟೈಲರ್ ಮುಚ್ಚಿದ ಕಣ್ಣಲ್ಲೇ ಗೆಳತಿಯತ್ತ ತಿರುಗಿದರು. "ಅದು ನಿನಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು. ಕ್ಯಾಂಪಿನ ಅಡುಗೆಯಕ್ಕ ಹೇಳಿದ್ರು."

"ಮತ್ತೆ ಒಬ್ರೂ ಒಂದು ಮಾತು ಕೇಳ್ಲಿಲ್ಲ!"

"ಏನಂತ ಕೇಳೋದೇ? ನಾವೂ ಚಿಕ್ಕೋರೇ. ನಮಗೆ ಗೊತ್ತಿದ್ದಿದ್ದು ಹುಟ್ಟು ಹಾಕೋದೊಂದೇ. ಅದಕ್ಕೆ ನಿನ್ನ ಕೈಗೂ ಒಂದು ಹುಟ್ಟು ಕೊಟ್ವಿ."

"ಬರೀ ಕೊಡ್ಲಿಲ್ಲ, ಬೈದೆ ನೀನು. 'ಸರಿಯಾಗಿ ಹಾಕೇ, ಸೋಮಾರಿ' ಅಂತ."

"ಅಯ್ಯೋ, ಬೈದಿದ್ನಾ?"

"ಹೂಂ. ಅಮ್ಮ ಹೋದ ಮೇಲೆ ಕಂಡೋರೆಲ್ಲ ಪಾಪ, ಪಾಪ ಅಂತಿದ್ರು. ಬೈದೋಳು ನೀನೊಬ್ಳೇ. ಅವತ್ತು ಮೊದಲ್ನೇ ಸಲ ಹೊಟ್ಟೆ ತುಂಬ ಉಂಡೆ ಕಣೆ."

ನರ್ಸ್ ಟೀಚರನ್ನು ಕರೆದರು. ಅವರು ಏಳಲಿಲ್ಲ, ಗೆಳತಿಯ ಕೈಗಾಗಿ ತಡಕಾಡುತ್ತಿದ್ದರು. ಎರಡನೇ ಸಲ ಕರೆದಾಗ ಇಬ್ಬರೂ ಒಟ್ಟಿಗೇ ಎದ್ದು ಒಳಗೆ ಹೋದರು.