ಬುಸ್ ಎನ್ನದ ವಾಲ್ವ್

ಗಾನ್ಚೊ ಅಣ್ಣನ ಮಡದಿ ಪೆನಾ ಅಕ್ಕ, ಅವರ ಬಂಧುಗಳೇ, ಗುಲಾಬಿ ಅತ್ತರಿನ ಕಾರ್ಖಾನೆಯ ಗೆಳೆಯರೇ, ನಿಮ್ಮೆಲ್ಲರಿಗೂ ನಮಸ್ಕಾರ.

“ತಣ್ಣಗಿರುವುದು ಯಾರಿಗೂ ಕೇಡು ಮಾಡದು” — ಹೀಗೇ ಏನೋ ಒಂದು ಸಾಲು. ಕೇಡು ಎಂದರೋ ಗಾಯ ಎಂದರೋ, ಸರಿಯಾಗಿ ನೆನಪಿಲ್ಲ. ತಣಿಸುವ ಹೊಸ ವಿಭಾಗದ ಉದ್ಘಾಟನೆಯ ದಿನ ನಮ್ಮ ನಿರ್ದೇಶಕರಾದ ಶ್ರೀ ಸ್ಟಾಮಾಟೊವ್ ಹೇಳಿದ ಮಾತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಿಜವೇ ಅದು? — ಪೆನಾ ಅಕ್ಕನ ಮುಖ ನೋಡಿ ಹೇಳಿ.

ನಾವು ಬೆಂಕಿಗೆ ಹೆದರಿ ಬೆಳೆದವರು. ಈ ಕಣಿವೆಯಲ್ಲಿ ಗುಲಾಬಿ ಎಂದರೆ ತಾಮ್ರದ ಹಂಡೆ, ಉರಿ, ಹಬೆ. ಹಂಡೆಯ ಹತ್ತಿರ ಹೋದ ಮಗುವಿಗೆ ಏಟು ಬೀಳುತ್ತಿತ್ತು. ಹೊಸ ವಿಭಾಗದ ತಣ್ಣಗಿನ ತೊಟ್ಟಿಗೆ ಮಾತ್ರ ಯಾರೂ ಹೆದರುತ್ತಿರಲಿಲ್ಲ. ಹಿಮ ಕಟ್ಟಿದ ಅದರ ಪೈಪಿನ ಮೇಲೆ ನಾವು ಮಜ್ಜಿಗೆ ಬಾಟಲಿ ಇಡುತ್ತಿದ್ದೆವು.

ಗಾನ್ಚೊ ಅಣ್ಣ ಬೈಯುತ್ತಿದ್ದರು: “ಅದೇನು ನಿಮ್ಮತ್ತೆ ಮನೆ ಫ್ರಿಜ್ಜಾ? ತೆಗೀರಿ ಆ ಕಡೆ.”

ಆ ತೊಟ್ಟಿಯನ್ನು ನಿಲ್ಲಿಸಿದವರೇ ಅವರು. ಹೂವಿನ ಸಾರದ ಜೊತೆ ಮೇಣವೂ ದ್ರಾವಕದಲ್ಲಿ ಕರಗಿ ಬರುತ್ತದೆ. ಚೆನ್ನಾಗಿ ತಣಿಸಿದರೆ ಮೇಣ ಹೆಪ್ಪುಗಟ್ಟಿ ಫಿಲ್ಟರಿನಲ್ಲಿ ನಿಲ್ಲುತ್ತದೆ. ದ್ರಾವಕ ಮತ್ತೆ ಕೆಲಸಕ್ಕೆ ಮರಳುತ್ತದೆ. ಎಲ್ಲವೂ ಮುಚ್ಚಿದ ಪೈಪುಗಳ ಒಳಗೇ. ಆದರೆ ಮೇಣ ಫಿಲ್ಟರನ್ನು ಕಟ್ಟಿಬಿಟ್ಟರೆ — ಈಚೆಯ ವಾಲ್ವೂ ಮುಚ್ಚಿದ್ದರೆ — ತಣಿಸುವುದು ನಿಂತರೆ? ಒಳಗೆ ಸಿಕ್ಕಿಬಿದ್ದ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲ. ಅದಕ್ಕೇ ಅವರು ಸೇಫ್ಟಿ ವಾಲ್ವ್ ಕೂಡಿಸಿದ್ದರು. ಒತ್ತಡ ಏರಿದರೆ ಅದು ತಾನಾಗಿ ತೆರೆಯಬೇಕು.

ಖರೀದಿದಾರರು ಬಂದ ದಿನ ಅದು ಒಮ್ಮೆ ಬುಸ್ ಎಂದಿತು. ಅತಿಥಿಗಳು ಬೆಚ್ಚಿದರು. ನಿರ್ದೇಶಕರಿಗೆ ಅವಮಾನವಾಯಿತು.

“ಅದಕ್ಕೊಂದು ಬಿರಡೆ ಜಡಿ, ಗಾನ್ಚೊ. ಸೀಸನ್ ಮುಗಿಯೋವರೆಗೆ.”

“ಮೊದ್ಲು ನಿಮ್ಮ ಮೂಗಿಗೆ ಜಡೀಲಾ, ಸಾಹೇಬ್ರೆ? ಸೀಸನ್ ಮುಗಿಯೋವರೆಗೆ.”

ನಾವೆಲ್ಲ ನಕ್ಕೆವು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಅವರ ರಜೆಯ ದಿನ ವಾಲ್ವಿಗೆ ಬಿರಡೆ ಬಿತ್ತು. ಜಡಿಸಿದವರು ಹೇಳಲಿಲ್ಲ, ಜಡಿದವರು ಹೇಳಲಿಲ್ಲ, ನೋಡಿದವರು ಹೇಳಲಿಲ್ಲ — ನೀವು ಇಲ್ಲೇ ಕೂತಿದ್ದೀರಿ, ಕೈಯಲ್ಲಿ ಅವರ ಆತ್ಮಶಾಂತಿಗೆಂದು ಹಂಚಿದ ಬೇಯಿಸಿದ ಗೋಧಿ ಹಿಡಿದುಕೊಂಡು.

ಆಮೇಲೊಂದು ದಿನ ಕರೆಂಟು ಹೋಯಿತು, ತಣಿಸುವುದು ನಿಂತಿತು. ಮೀಟರಿನ ಮುಳ್ಳು ಏರತೊಡಗಿತು. ಗಾನ್ಚೊ ಅಣ್ಣ ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ತಾವು ಈಚೆಯ ವಾಲ್ವಿನ ಹಿಡಿ ತಿರುಗಿಸುತ್ತ ಅಲ್ಲೇ ನಿಂತರು. ಹೊರಗೆ ಓಡಿ ಬಂದ ಹುಡುಗಿ ನನಗೆ ಹೇಳಿದಳು, “‘ಗಾಬರಿ ಬೇಡ ಕಣಮ್ಮಾ, ಈಗ ಬುಸ್ ಅನ್ನುತ್ತೆ’ ಅಂದ್ರು.” ತಾವೇ ಕೂಡಿಸಿದ ವಾಲ್ವನ್ನು ಅವರು ನಂಬಿದ್ದರು.

ಅದು ಬುಸ್ ಎನ್ನಲಿಲ್ಲ.

ತೊಟ್ಟಿ ಸಿಡಿದು ಆದ ಈ ಸಾವನ್ನು ಕಾರ್ಖಾನೆಯ ಹೇಳಿಕೆ ‘ಸ್ವಂತ ಅಜಾಗರೂಕತೆ’ ಎಂದು ಕರೆದಿದೆ. ಶ್ರೀ ಸ್ಟಾಮಾಟೊವ್, ನೀವು ತಂದ ಹೂಮಾಲೆ ತುಂಬ ದೊಡ್ಡದು. ಅದನ್ನು ಒಯ್ಯಿರಿ. ಆ ಎರಡು ಪದಗಳನ್ನೂ ಒಯ್ಯಿರಿ.

ಹೊಸ ತೊಟ್ಟಿ ಬಂದಿದೆಯಂತೆ, ವಾಲ್ವ್ ಮಾತ್ರ ಹಳೆಯದೇ ಅಂತೆ, ಸೋಮವಾರ ಶುರುವಂತೆ.

ಈಗ ದಯಮಾಡಿ ಎಲ್ಲರೂ ಎದ್ದು ನಿಲ್ಲಿ — ನೀವೂ, ನಿರ್ದೇಶಕರೇ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ. ಬೆಳಗ್ಗೆ ನಾನು ಗಾನ್ಚೊ ಅಣ್ಣನ ಬಾಗಿಲಿಗೆ ಸಾವಿನ ಸುದ್ದಿಯ ಚೀಟಿ ಅಂಟಿಸುತ್ತಿದ್ದಾಗ ಪಕ್ಕದ ಮನೆಯ ತೋತಾ ಬಂದು ನಿಂತಳು. ಅವಳು ಹೇಳಿದ್ದನ್ನು ಈ ಮೌನದಲ್ಲಿ ಕೇಳಿಸಿಕೊಳ್ಳಿ:

“ಅಕ್ಕಾ, ಸೋಮವಾರದಿಂದ ಆ ಜಾಗಕ್ಕೆ ನಮ್ಮ ಮನೆಯವ್ರನ್ನ ಹಾಕಿದಾರಂತೆ. ಬಿರಡೆ ತೆಗೆದಿದಾರೋ ಇಲ್ವೋ — ಯಾರನ್ನ ಕೇಳ್ಲಿ ನಾನು?”