ಪಾರ್ಸಲ್ ಕಿಟಕಿಗೆ ಬಿದ್ದ ಕಲ್ಲಿನ ವಿಚಾರ

ಹೆಸರು: ವೆಂಕಟರಾಯಪ್ಪ ಬಿನ್ ಲೇಟ್ ಚಿಕ್ಕಮುನಿಯಪ್ಪ. ವಯಸ್ಸು: 59 ವರ್ಷ. ಕಸುಬು: ಬೇಸಾಯ. ವಿದ್ಯಾಭ್ಯಾಸ: ಇಂಟರ್‌ಮೀಡಿಯೆಟ್, ಪೂರೈಸಿಲ್ಲ. ವಾಸ: ತಾಯಲೂರು, ಮುಳಬಾಗಿಲು ತಾಲ್ಲೂಕು.

ನಾನು ಈ ದಿನ ಮಧ್ಯಾಹ್ನ 12-30 ಗಂಟೆಗೆ, ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಈಗ ತಮ್ಮ ಲಾಕಪ್ಪಿನಲ್ಲಿರುವ ಗಂಗುಲಪ್ಪ, ವಯಸ್ಸು 34, ಹುಟ್ಟಿನಿಂದ ಕಿವುಡ. ಮಾತೂ ಬಾರದು. ಅವನು ನನ್ನ ಹೆಂಡತಿ ಭಾರತಮ್ಮನ ಅಣ್ಣನ ಮಗ. ಸಂಬಂಧಿಕನ ಪರವಾಗಿ ಹೇಳಲು ಬಂದಿದ್ದಾನೆ ಎಂದು ತಾವು ತಿಳಿಯಬಹುದು. ಹೌದು, ಅವನ ಪರವಾಗಿಯೇ ಬಂದಿದ್ದೇನೆ. ಆದರೆ ಐ-ವಿಟ್ನೆಸ್ ಎಂದು ಏನು ಹೇಳುತ್ತಾರೋ ಅದು ಕೂಡ ನಾನೇ.

ಗಂಗುಲಪ್ಪನು ರೇಷ್ಮೆ ಬೆಳೆಯುತ್ತಾನೆ. ಕೋಲಾರದಲ್ಲಿರುವ ಅವನ ಭಾವಮೈದನು ರೇಷ್ಮೆ ಮೊಟ್ಟೆಯ ಹಾಳೆಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಒದ್ದೆ ಗೋಣಿ ಸುತ್ತಿ, ಈ ಬೆಳಿಗ್ಗೆ ಶ್ರೀ ವರದಾದ್ರಿ ಮೋಟಾರ್ ಸರ್ವಿಸ್‌ನವರ ಕೋಲಾರ-ಪಲಮನೇರು ಬಸ್ಸಿಗೆ ಹಾಕಿದ್ದನು. ಆ ಮೊಟ್ಟೆಗಳು ನೀಲಿಗೆ ತಿರುಗಿವೆ. ಎಂದರೆ ನಾಳೆ ಬೆಳಗಾಗುತ್ತಲೇ ಹುಳು ಹೊರಗೆ ಬರುತ್ತದೆ. ಬಂದ ತಕ್ಷಣ ಎಳೆ ಸೊಪ್ಪು ಬೇಕು. ಅದಕ್ಕೆ ಮುಂಚೆ ಬಿಸಿಲು ತಗುಲಿದರೆ ಒಳಗೇ ಸಾಯುತ್ತದೆ. ಮನೆಯಲ್ಲಿ ಅವನ ಹೆಂಡತಿ ಆದಿಲಕ್ಷ್ಮಿ ಹುಳು ಸಾಕುವ ತಟ್ಟೆಗಳನ್ನೆಲ್ಲ ತೊಳೆದು ಒಣಗಿಸಿ ಕಾಯುತ್ತಿದ್ದಾಳೆ. ಇದನ್ನು ಬರೆದುಕೊಳ್ಳುತ್ತಿರುವ ರೈಟರ್‌ರವರು ಹುಳುವಿನ ಕಥೆ ಬಿಟ್ಟು ಕಲ್ಲಿನ ವಿಷಯಕ್ಕೆ ಬರಬೇಕೆಂದು ಹೇಳಿದರು. ಹುಳು ಇಲ್ಲದೆ ಕಲ್ಲಿಲ್ಲ ಎಂದು ನಾನು ಹೇಳಿದೆ.

ನಾವಿಬ್ಬರೂ ಬೆಳಿಗ್ಗೆ 9-15ಕ್ಕೆ ಮುಳಬಾಗಿಲಿಗೆ ಬಂದು ಇಳಿದು, ನೇರವಾಗಿ ಸದರಿ ಕಂಪನಿಯ ಬುಕಿಂಗ್ ಆಫೀಸಿಗೆ ಹೋದೆವು. ಅಲ್ಲಿ ಪಾರ್ಸಲ್ ಕಿಟಕಿಗೆ ಕಬ್ಬಿಣದ ಕಂಬಿಗಳಿವೆ. ಒಳಗೆ ಗುಮಾಸ್ತ ಸುಬ್ಬರಾಯಪ್ಪ ಇದ್ದನು. ಗಂಗುಲಪ್ಪನು ತನ್ನ ಹೆಸರಿನ ಚೀಟಿ ತೋರಿಸಿದನು. ಇವನಿಗೆ ಕಿವಿ ಕೇಳುವುದಿಲ್ಲ, ಬುಟ್ಟಿ ಬಂದಾಗ ಕೈಯಲ್ಲಿ ಕರೆಯಬೇಕೆಂದು ನಾನು ಸುಬ್ಬರಾಯಪ್ಪನಿಗೆ ಹೇಳಿದೆ. ಅದಕ್ಕೆ ಅವನು, “ಪಾರ್ಸಲ್ ಬಂದ್ಮೇಲೆ ಹೆಸರು ಕೂಗ್ತೀನಿ, ಬರೋಕೇಳು” ಎಂದನು. ಕೂಗಿದರೆ ಇವನಿಗೆ ಕೇಳಿಸುವುದಿಲ್ಲ, ಅದಕ್ಕೇ ಹೇಳುತ್ತಿರುವುದು ಎಂದೆ. “ಕೇಳ್ಸೋ ಹಂಗೆ ಕೂಗ್ತೀನಿ ಬಿಡಯ್ಯ” ಎಂದನು. ಕಿಟಕಿಯ ಕೆಳಗೆ ಕೂತು ಸೌತೆಕಾಯಿ ಮಾರುವ ಮುನಿಯಲ್ಲಮ್ಮ ಇದನ್ನು ಕೇಳಿ, “ಹುಟ್ಟು ಕಿವುಡನ್ಗೆ ಕೇಳ್ಸೋ ಹಂಗೆ ಕೂಗೋಕೆ ಇವ್ನೇನು ಗುಡುಗಾ?” ಎಂದಳು. ಸುಬ್ಬರಾಯಪ್ಪನು ಅವಳಿಗೆ ಗಿರಾಕಿ ನೋಡಿಕೋ ಎಂದನು.

ನಾನು ಗಂಗುಲಪ್ಪನ ಜೊತೆ ಕಿಟಕಿಯ ಬಳಿಯೇ ನಿಲ್ಲುತ್ತಿದ್ದೆ. ಆದರೆ ಅವನು ಕುತ್ತಿಗೆಗೆ ಹಗ್ಗ ಬಿಗಿದಂತೆ ಅಭಿನಯಿಸಿ, ನಾನೇನು ಕರುವೇ, ಹೋಗಿ ಕಾಫಿ ಕುಡಿ ಮಾವ ಎಂದು ಸನ್ನೆ ಮಾಡಿ ನಕ್ಕನು. ನಾನು ರಸ್ತೆಯ ಆಚೆ, ಸುಮಾರು ನಲವತ್ತು ಅಡಿ ದೂರದ ಹೋಟೆಲಿನ ಬೆಂಚಿನಲ್ಲಿ ಕೂತೆನು. ಅಲ್ಲಿಂದ ಕಿಟಕಿ ಚೆನ್ನಾಗಿ ಕಾಣುತ್ತದೆ. ಮಾತು ಕೇಳಿಸುವುದಿಲ್ಲ.

11-05ಕ್ಕೆ ಬಸ್ಸು ಬಂದಿತು. ಇಂಜಿನ್ ಆರಿಸಲಿಲ್ಲ. ಮುನಿಯಲ್ಲಮ್ಮ ಸೌತೆಕಾಯಿ ಮಂಕರಿ ಹೊತ್ತು ಬಸ್ಸಿನ ಆ ಬದಿಗೆ ವ್ಯಾಪಾರಕ್ಕೆ ಹೋದಳು. ಹಮಾಲಿಯು ಟಾಪಿನಿಂದ ಪಾರ್ಸಲುಗಳನ್ನು ಇಳಿಸಿದನು. ಗೋಣಿ ಸುತ್ತಿದ ಬುಟ್ಟಿಯೂ ಇಳಿಯಿತು. ಗಂಗುಲಪ್ಪನು ಅದನ್ನು ಕಂಡು ಹತ್ತಿರ ಹೋದಾಗ ಹಮಾಲಿ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ತೋರಿಸಿದನು. ಆ ಕಂಪನಿಯ ಪದ್ಧತಿ ಏನೆಂದರೆ, ಗುಮಾಸ್ತ ಒಳಗಿನಿಂದ ಮೂರು ಸಲ ಹೆಸರು ಕೂಗುತ್ತಾನೆ. ಯಾರೂ ‘ಇದ್ದೀನಿ’ ಎನ್ನದಿದ್ದರೆ ಸಾಮಾನು ಮತ್ತೆ ಟಾಪಿಗೇರಿ ಬಸ್ಸಿನ ಕೊನೆಯ ಊರಿಗೆ ಹೋಗುತ್ತದೆ. ಗಂಗುಲಪ್ಪನು ಕಿಟಕಿಗೆ ಬಂದು ಚೀಟಿ ಹಿಡಿದು ನಿಂತನು. ಸುಬ್ಬರಾಯಪ್ಪ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದನು. ಕೂಗಿದನೋ ಇಲ್ಲವೋ ನಾನು ಕೇಳಿಲ್ಲ. ಸ್ವಲ್ಪ ಹೊತ್ತಿಗೆ ಹಮಾಲಿ ಬುಟ್ಟಿಯನ್ನು ಹೆಗಲಿಗೇರಿಸಿ ಏಣಿ ಹತ್ತತೊಡಗಿದನು. ನಾನು ಬುಟ್ಟಿಯನ್ನೇ ನೋಡುತ್ತಾ ಬೆಂಚಿನಿಂದ ಎದ್ದೆನು.

ನಾನು ಮತ್ತೆ ಕಿಟಕಿಯ ಕಡೆ ನೋಡಿದಾಗ ಗಂಗುಲಪ್ಪನು ಕಂಬಿಯ ಒಳಗೆ ತೋಳು ತೂರಿಸಿದ್ದನು. ಗುಮಾಸ್ತನ ಬೆನ್ನು ಎಟುಕಲಿಲ್ಲ. ಆಗ ಅವನು ನೆಲದಿಂದ ಒಂದು ಸಣ್ಣ ಹರಳುಕಲ್ಲು ಎತ್ತಿ ಒಳಗೆ ಹಾಕಿದನು. ಅದು ಗೋಡೆಗೆ ತಗುಲಿಸಿದ್ದ ಟೈಮ್ ಬೋರ್ಡಿನ ಗಾಜಿಗೆ ಬಿದ್ದು ಗಾಜು ಒಡೆಯಿತು.

ಇಲ್ಲಿ ವಿತ್ ಡ್ಯೂ ರೆಸ್ಪೆಕ್ಟ್ ಒಂದು ಮಾತು ಹೇಳಬೇಕು, ಇದನ್ನು ಬಿಡಬಾರದು. ನನ್ನ ಹೆಂಡತಿಯ ತೌರುಮನೆಯಲ್ಲಿ ಮೂರು ತಲೆಮಾರಿನಿಂದ ಕಿವುಡರಿದ್ದಾರೆ. ಭಾರತಮ್ಮನೂ ಕಿವುಡಿ. ಆ ಬೀದಿಯಲ್ಲಿ ಬೆನ್ನು ಹಾಕಿ ಕೂತವರನ್ನು ಕರೆಯಬೇಕಾದರೆ ಅವರ ಕಾಲ ಬಳಿ ಸಣ್ಣ ಹರಳು ಹಾಕುತ್ತಾರೆ. ಹರಳು ಕಂಡವರು ತಿರುಗುತ್ತಾರೆ, ಆಮೇಲೆ ಮಾತು. ಮದುವೆಯಾದ ಹೊಸದರಲ್ಲಿ ನನಗೆ ಇದು ಮರ್ಯಾದೆಗೇಡು ಎನ್ನಿಸುತ್ತಿತ್ತು, ಕಾಲೇಜು ಮೆಟ್ಟಿಲು ಹತ್ತಿದವನು ನೋಡಿ. ಒಂದು ದಿನ ಹಾಗೇ ಹಿಂದಿನಿಂದ ಹೋಗಿ ಹೆಗಲು ಮುಟ್ಟಿದಾಗ ಅವಳು ಹೆದರಿ ಬಿಸಿ ಸಾರಿನ ಪಾತ್ರೆ ಬಿಟ್ಟಳು. ಆಮೇಲೆ ಇಪ್ಪತ್ತೊಂಬತ್ತು ವರ್ಷ ನಾನೂ ಹರಳೇ ಹಾಕಿದೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ಜೇಬಿನಲ್ಲಿ ಎರಡು ಮೂರು ಹರಳು ಇರುತ್ತವೆ, ಇದೋ ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ, ಗಾತ್ರ ನೋಡಬಹುದು. ಗಂಗುಲಪ್ಪ ಕೂಗಲಾರ. ಕೂಗುವುದು ಎಂದರೆ ಅವನ ಮಟ್ಟಿಗೆ ಇದೇ. ಪಟ್ಟಣದಲ್ಲಿ ಕಲ್ಲಿಗೆ ಬೇರೆ ಅರ್ಥವಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಲಾಜಿಕ್ ಮೇಷ್ಟರು ಮೋಟಿವ್ ಬೇರೆ, ಇನ್ನೊಂದು ಬೇರೆ ಎನ್ನುತ್ತಿದ್ದರು. ಆ ಇನ್ನೊಂದರ ಹೆಸರು ಈಗ ನೆನಪಿಗೆ ಬರುತ್ತಿಲ್ಲ.

ನಿನ್ನೆಯ ದಿನ ಬಸ್ ಪಾಸಿನ ಗಲಾಟೆಯಲ್ಲಿ ಕಾಲೇಜು ಹುಡುಗರು ಇದೇ ಕಂಪನಿಯ ಬಸ್ಸಿಗೆ ಕಲ್ಲು ಹೊಡೆದಿದ್ದರಂತೆ. ಗಾಜಿನ ಸದ್ದು ಕೇಳುತ್ತಲೇ ಹಮಾಲಿಯು “ಕಲ್ಲು ಹೊಡ್ದ, ಹಿಡೀರ್ಲಾ!” ಎಂದು ಏಣಿಯ ಮೇಲಿನಿಂದಲೇ ಕೂಗಿದನು. ಕಂಡಕ್ಟರ್ ಮತ್ತು ಇನ್ನೂ ನಾಲ್ಕೈದು ಮಂದಿ ಗಂಗುಲಪ್ಪನನ್ನು ಹಿಡಿದು ಬಸ್ಸಿನ ಮುಂಭಾಗಕ್ಕೆ ಒತ್ತಿದರು. ಯಾರೋ “ಕೊಟ್ಟಂಡ್ರಾ”, ಎಂದರೆ ಹೊಡೆಯಿರೋ, ಎಂದು ತೆಲುಗಿನಲ್ಲಿ ಕೂಗಿದರು, ಕಪಾಳಕ್ಕೆ ಎರಡು ಬಿದ್ದವು. ಅವನು ಏಟು ತಪ್ಪಿಸಿಕೊಳ್ಳುವುದನ್ನು ಬಿಟ್ಟು ಟಾಪಿನ ಕಡೆ ಕೈ ತೋರಿಸುತ್ತಿದ್ದನು. “ನೋಡು, ಇನ್ನೊಂದು ಅಲ್ಲಿಗೆ ಹೊಡೀತಾನಂತೆ” ಎಂದು ಒಬ್ಬ ಹೇಳಿದನು.

ಅಷ್ಟರಲ್ಲಿ ನಾನು ಓಡಿ ಬಂದು, “ಅವನ್ಗೆ ಕಿವಿ ಕೇಳ್ಸಲ್ಲ ಬಿಡ್ರೋ, ಮೂಗ ಕಣ್ರೋ” ಎಂದೆ. ಸುಬ್ಬರಾಯಪ್ಪನು ಹೊರಗೆ ಬಂದು, “ಸಿಕ್ಕಾಕ್ಕೊಂಡ ಮೇಲೆ ಎಲ್ರೂ ಮೂಗರೇ” ಎಂದನು. ಬೆಳಿಗ್ಗೆ ನಾನೇ ನಿನಗೆ ಹೇಳಲಿಲ್ಲವೇ ಎಂದು ಕೇಳಿದೆ. ತಾನು ನನ್ನನ್ನೂ ನೋಡಿಲ್ಲ, ಅವನನ್ನೂ ನೋಡಿಲ್ಲ ಎಂದನು. ಆಗ ಕಂಡಕ್ಟರ್, “ಇರ್ರೀ, ಈಗ್ಲೇ ಗೊತ್ತಾಗುತ್ತೆ” ಎಂದು ಡ್ರೈವರಿಗೆ ಹಾರನ್ ಒತ್ತಲು ಹೇಳಿದನು. ಡ್ರೈವರು ಹಾರನ್ ಒತ್ತಿದನು. ಗಂಗುಲಪ್ಪನ ಬೆನ್ನು ಬಾನೆಟ್ಟಿಗೆ ಒತ್ತಿಕೊಂಡಿತ್ತು. ತಗಡು ಅದುರಿದ್ದು ಬೆನ್ನಿಗೆ ತಿಳಿದು ಅವನು ಥಟ್ಟನೆ ತಿರುಗಿ ನೋಡಿದನು. “ಕೇಳಿಸ್ತು! ಕೇಳಿಸ್ತು!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಅವನು ತಿರುಗಿದ್ದು ಬಸ್ಸು ಹೊರಡುತ್ತಿದೆಯೇ ಎಂದು ನೋಡುವುದಕ್ಕೆ. ನನ್ನ ಮಾತನ್ನು ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನನ್ನು ಪಕ್ಕಕ್ಕೆಳೆದು, ಗಲಾಟೆ ಕೇಳಿ ಬಂದ ಪೇದೆಯವರ ವಶಕ್ಕೆ ಕೊಟ್ಟರು. 11-20ಕ್ಕೆ ಬಸ್ಸು ಬುಟ್ಟಿಯ ಸಮೇತ ಪಲಮನೇರಿನ ಕಡೆಗೆ ನಂಗಲಿ ರಸ್ತೆ ಹಿಡಿದು ಹೊರಟುಹೋಯಿತು. ಅದು ತಿರುವು ದಾಟುವವರೆಗೂ ಗಂಗುಲಪ್ಪ ಕತ್ತು ಹೊರಳಿಸಿ ನೋಡುತ್ತಿದ್ದನು.

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಇದನ್ನು ಗಂಗುಲಪ್ಪನಿಗೂ ತಿಳಿಸಿ ಸರಿಯೋ ತಪ್ಪೋ ಕೇಳಬೇಕು, ಅವನಿಗೆ ಓದಿ ಹೇಳಿದರೆ ಪ್ರಯೋಜನವಿಲ್ಲ ಎಂದು ಬೇಡಿಕೊಂಡೆ. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಒಪ್ಪಿ ಅವನನ್ನು ಹೊರಗೆ ಕರೆಸಿದರು. ದೂರು ಕೊಡಲು ಬಂದಿದ್ದ ಸುಬ್ಬರಾಯಪ್ಪನೂ ಅಲ್ಲೇ ಬೆಂಚಿನಲ್ಲಿ ಕೂತಿದ್ದನು. ನಾನು ಮೊದಲಿನಿಂದ ಕೈಸನ್ನೆಯಲ್ಲಿ ಹೇಳುತ್ತಾ ಬಂದೆ. ಹರಳಿನ ಜಾಗಕ್ಕೆ ಬಂದಾಗ ಗಂಗುಲಪ್ಪನು ನನ್ನ ಕೈ ಹಿಡಿದು ನಿಲ್ಲಿಸಿ ಎರಡು ಬೆರಳು ಎತ್ತಿದನು. ಒಂದಲ್ಲ, ಎರಡು.

ನಾನು ಬುಟ್ಟಿ ನೋಡುತ್ತಿದ್ದ ಹೊತ್ತಿನಲ್ಲಿ ಮೊದಲನೆಯದು ಆಗಿದೆ. ಎರಡು ಎಂದು ಬರೆಸಿದರೆ ನಿನಗೇ ಕೇಸು ಬಿಗಿಯಾಗುತ್ತದೆ, ಸುಮ್ಮನಿರು ಎಂದು ಮುಖ ಈ ಕಡೆ ತಿರುಗಿಸಿ ಸಣ್ಣದಾಗಿ ಸನ್ನೆ ಮಾಡಿದೆ. ಅವನು ಒಪ್ಪಲಿಲ್ಲ. ಎದ್ದು ಸುಬ್ಬರಾಯಪ್ಪನ ಮುಂದೆ ಹೋಗಿ, ಅವನ ಕಾಲ ಬಳಿ ನೆಲವನ್ನು ಬೆರಳಿನಿಂದ ತೋರಿಸಿದನು. ಆಮೇಲೆ ತಾನೇ ಗುಮಾಸ್ತನಂತೆ ಬೆನ್ನು ಹಾಕಿ ನಿಂತು, ತಿರುಗಿ, ಕೆಳಗಿನ ಹರಳು ನೋಡಿ, ಕಿಟಕಿಯಲ್ಲಿದ್ದವನ ಮುಖ ನೋಡಿ, ಅವನ ಕೈಯಲ್ಲಿದ್ದ ಚೀಟಿಯನ್ನೂ ನೋಡಿ, ಬೀಡಿ ಎಳೆದು ಮತ್ತೆ ಬೆನ್ನು ಹಾಕಿದನು. ನಾನು ಅದನ್ನು ಬಾಯಲ್ಲಿ ಹೇಳುವ ಅಗತ್ಯ ಬೀಳಲಿಲ್ಲ.

ಗಾಜು ಒಡೆಯುವ ಮುಂಚೆ ಇವನನ್ನು ಕಂಡೇ ಇಲ್ಲವೆಂದು ದೂರಿನಲ್ಲಿ ಬರೆಸಿದ್ದೀಯಲ್ಲ ಎಂದು ಸಾಹೇಬರು ಸುಬ್ಬರಾಯಪ್ಪನನ್ನು ಕೇಳಿದರು. ಅವನು ಮೊದಲು ಇಲ್ಲ ಎಂದನು. ಮತ್ತೆ ಕೇಳಿದಾಗ, “ನೋಡ್ದೆ ಸಾರ್. ಮೂಗನ ಹತ್ರ ಏನಂತ ಮಾತಾಡ್ಲಿ? ಬಸ್ಸು ಹೊರಡೋ ಹೊತ್ತು, ನನ್ಗೆ ಟೈಮಿರ್ಲಿಲ್ಲ” ಎಂದನು. ಬೀಡಿ ಸೇದಲು ಟೈಮಿತ್ತಲ್ಲ ಎಂದು ನಾನು ಕೇಳಿದೆ. ಸಾಹೇಬರು ನನ್ನನ್ನು ಸುಮ್ಮನಿರಿಸಿ, ಈಗ ಹೇಳಿದ್ದನ್ನೂ ದೂರಿಗೆ ಸೇರಿಸುತ್ತೀಯೋ, ದೂರನ್ನೇ ವಾಪಸ್ ತೆಗೆದುಕೊಳ್ಳುತ್ತೀಯೋ ಎಂದು ಅವನನ್ನು ಕೇಳಿದರು. ಸುಬ್ಬರಾಯಪ್ಪನು ದೂರಿನ ಕಾಗದಕ್ಕೆ ಕೈ ಚಾಚಿದನು.

ಕೇಸಿಲ್ಲ, ಮನೆಗೆ ಹೋಗಬಹುದು ಎಂದು ನಾನು ಗಂಗುಲಪ್ಪನಿಗೆ ತಿಳಿಸಿದೆ. ಅವನು ನಗಲಿಲ್ಲ. ಊದಿದ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ತೋಳುಗಳನ್ನು ದುಂಡಗೆ ಮಾಡಿ, ಬುಟ್ಟಿ ಎಲ್ಲಿ ಎಂದು ಕೇಳಿದನು. ಪಲಮನೇರಿನ ಬಸ್ ಸ್ಟ್ಯಾಂಡಿಗೆ ಸಾಹೇಬರು ಟ್ರಂಕ್ ಕಾಲ್ ಬುಕ್ ಮಾಡಿಸಿದ್ದಾರೆ, ಇನ್ನೂ ಲೈನ್ ಸಿಕ್ಕಿಲ್ಲ. ಫೋನಿನ ವಿಷಯವನ್ನು ಅವನಿಗೆ ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ. ಅವನೀಗ ಟೆಲಿಫೋನಿನ ಎದುರಿಗೆ ಕೂತು, ಅದನ್ನು ಎತ್ತಿಕೊಂಡಿರುವ ಪೇದೆಯವರ ಬಾಯನ್ನೇ ನೋಡುತ್ತಿದ್ದಾನೆ. ಆದ್ದರಿಂದ ಬುಟ್ಟಿಯನ್ನು ನೆರಳಿನಲ್ಲಿಡಿಸಿ, ಕತ್ತಲಾಗುವುದರೊಳಗೆ ವಾಪಸ್ ತರಿಸಿಕೊಡಬೇಕೆಂದು ಪ್ರಾರ್ಥನೆ.

ಈ ಮೇಲೆ ಬರೆಸಿದ್ದು ನಾನು ಕಂಡಷ್ಟು, ನಾನು ಕಾಣದ್ದು ಗಂಗುಲಪ್ಪ ತೋರಿಸಿಕೊಟ್ಟಷ್ಟು. ಇದಕ್ಕೆ ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ. ರೈಟರ್‌ರವರು ಓದಿದ್ದನ್ನು ನಾನು ಕೇಳಿದ್ದೇನೆ. ನಾನು ಸನ್ನೆಯಲ್ಲಿ ಹೇಳಿದ್ದನ್ನು ಗಂಗುಲಪ್ಪ ನೋಡಿದ್ದಾನೆ. ಇಬ್ಬರಿಗೂ ಸರಿಯಿದೆ.

ಸ್ಥಳ: ಮುಳಬಾಗಿಲು
ತಾರೀಖು: 18-3-1982, ಮಧ್ಯಾಹ್ನ 2-10 ಗಂಟೆ

(ಸಹಿ) ವೆಂಕಟರಾಯಪ್ಪ
(ಎಡಗೈ ಹೆಬ್ಬೆಟ್ಟು) ಗಂಗುಲಪ್ಪ, ನೋಡಿ ಒಪ್ಪಿದ್ದು