ಮನೆಗೆ ಕಪ್ಪು ಬೆಲ್ಲ, ಮಠಕ್ಕೆ ಹಳದಿ ಬೆಲ್ಲ

ಹೋಳಿಗೆಗೆಂದು ಬೆಲ್ಲ ಕುಟ್ಟುತ್ತಾ ಕೂತಿದ್ದಳು ಆ ಮನೆಯ ಯಜಮಾನಿ. ಕಪ್ಪು ಬೆಲ್ಲ. ಆರು ತಿಂಗಳ ಬಸುರಿ ಮಗಳು ತವರಿಗೆ ಬಂದಿದ್ದಳು, ಅವಳಿಗಾಗಿ ಹೋಳಿಗೆ. ಯಾವೂರು ಅಂತ ಕೇಳಬೇಡಿ, ಕಬ್ಬು ಅರೆಯುವ ಯಾವ ಊರಾದರೂ ಆದೀತು. ಆ ಊರಿಗೆಲ್ಲ ದೊಡ್ಡ ಶ್ರೀಮಂತ ಅವಳ ಗಂಡ. ಮೂರು ಆಲೆಮನೆ. ಅವನ ಬೆಲ್ಲ ಅಂದರೆ ಚಿನ್ನದ ಹಾಗೆ ಹಳದಿ. ಧರ್ಮಿಷ್ಠ ಕೂಡ, ನೋಡಿ. ಪಕ್ಕದೂರಿನ ಮಠದ ಶಾಲೆಯಲ್ಲಿ ಮುನ್ನೂರು ಮಕ್ಕಳು ಉಣ್ಣುತ್ತಾರೆ. ಹನ್ನೆರಡು ವರ್ಷದಿಂದ ಅವರ ಪಾಯಸಕ್ಕೆ ಬೆಲ್ಲ ಇವನದೇ, ಪುಕ್ಕಟೆ. ಹುಣ್ಣಿಮೆ ಹುಣ್ಣಿಮೆಗೆ ಹೋಗಿ ಬಡಿಸುವವಳು ಇವಳು.

ಆ ದಿನವೂ ಮಠಕ್ಕೆ ಹೋಗುವ ಬೆಲ್ಲದ ಬುಟ್ಟಿಗಳು ನಡುಮನೆಯಲ್ಲಿದ್ದವು. ಮಗಳಿಗೆ ಬಾಯಿ ಚಪಲ. ಒಂದು ಅಚ್ಚು ತೆಗೆದು ಬಾಯಿಗೆ ಇಡಬೇಕು, ಅಷ್ಟರಲ್ಲಿ ಅಪ್ಪ ಬಂದ. ಬಂದವನು ಏನು ಮಾಡಿದ ಗೊತ್ತೇ? ಮಗಳ ಕೈ ಮೇಲೆ ಫಟ್ಟನೆ ಹೊಡೆದ. ಹುಟ್ಟಿದಾಗಿನಿಂದ ಒಂದು ಪೆಟ್ಟೂ ಹಾಕದವನು, ಬಸುರಿ ಮಗಳ ಕೈಗೆ ಹೊಡೆದ. ಬೆಲ್ಲ ಗೋಡೆಗೆ ಬಡಿದು ಚೂರಾಯಿತು.

“ಅದನ್ನ ತಿನ್ನಬೇಡ. ಅದು ನಮಗಲ್ಲ.”

“ಒಂದು ಚೂರು ತಿಂದ್ರೆ ಮಠದ ಸ್ವಾಮಿ ನನ್ನ ಮೇಲೆ ದೂರು ಕೊಡ್ತಾನೇನಪ್ಪ?” ಮಗಳು ಕೈ ಉಜ್ಜಿಕೊಳ್ಳುತ್ತಾ ನಕ್ಕಳು.

ಅಪ್ಪ ನಗಲಿಲ್ಲ. “ಅದಕ್ಕೆ ಕೆಮಿಕಲ್ ಪುಡಿ ಹಾಕಿದೆ ಕಣಮ್ಮ. ಕಬ್ಬಿನ ಹಾಲು ಕುದಿಯೋವಾಗ ಹಾಕ್ತಾರಲ್ಲ, ಬಣ್ಣ ಬರೋಕೆ. ಹೊಟ್ಟೇಲಿ ಮಗು ಇದೆ ನಿಂಗೆ.”

ಕುಟ್ಟುವ ಸದ್ದು ನಿಂತಿತು. ಮನೆಗೆ ಕಪ್ಪು ಬೆಲ್ಲ ಬೇರೆ ಮಾಡಿಸುವುದು ಗಂಡನ ನಾಲಿಗೆಯ ರುಚಿ ಅಂತಲೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಕೊಪ್ಪರಿಗೆ ತೊಳೆದ ನೀರು ಬೀಳುವ ನಾಲೆಯಲ್ಲಿ ಮೀನು ಸತ್ತು ತೇಲಿದಾಗ, ಬಿಸಿಲಿಗೆ ಕಣೆ, ಅಂದಿದ್ದ. ಅದನ್ನೂ ನಂಬಿದ್ದಳು.

“ಮುನ್ನೂರು ಮಕ್ಕಳಿಗೂ ಹೊಟ್ಟೆ ಇದೆಯಲ್ಲ?” ಅಂದಳು.

“ಎಲ್ಲರೂ ಹಾಕ್ತಾರೆ ಕಣೆ. ಕಪ್ಪು ಬೆಲ್ಲ ತಗೊಂಡು ಹೋದ್ರೆ ಮಂಡೀಲಿ ಮೂಗು ಮುರೀತಾರೆ.”

“ನಾನು ಬಡಿಸಿದೀನಿ. ಸಾಕಮ್ಮ ಅಂತ ಎಲೆಗೆ ಕೈ ಅಡ್ಡ ಇಟ್ಟ ಮಕ್ಕಳಿಗೂ, ಕೈ ಸರಿಸಿ ಬಡಿಸಿದೀನಿ.”

ಅವನು ಬೀರುವಿನಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟ. ಮಠದ ಶಾಲೆಯ ಮೇಷ್ಟ್ರು ಯುಗಾದಿಯಲ್ಲಿ ಬರೆದದ್ದು. ಬೆಲ್ಲದ ಕಲಬೆರಕೆ ಸುದ್ದಿ ಪೇಪರಿನಲ್ಲಿ ಓದಿದೆವು, ತಮ್ಮದರಲ್ಲಿ ಅಂಥದ್ದಿಲ್ಲವೆಂದು ಎರಡು ಸಾಲು ಬರೆದು ಕಳಿಸಿದರೆ ಸಮಾಧಾನ, ಅಂತ. ಈಗ ಕಾರ್ತಿಕ. ಏಳು ತಿಂಗಳಾದರೂ ಉತ್ತರ ಹೋಗಿಲ್ಲ. ಇಲ್ಲ ಅಂತ ಬರೆಯಲು ಕೈ ಬಂದಿಲ್ಲ, ಹೌದು ಅನ್ನಲು ಧೈರ್ಯ ಬಂದಿಲ್ಲ.

“ಈಗ ಬರೀರಿ,” ಅಂದಳು ಹೆಂಡತಿ.

“ಬರೆದ್ರೆ ಮರ್ಯಾದೆ ಹೋಗುತ್ತೆ.”

“ಅದಕ್ಕೂ ಪುಡಿ ಹಾಕಿಟ್ಟಿದ್ದೀಯೇನಪ್ಪ?” ಅಂದಳು ಮಗಳು.

ಯಜಮಾನಿ ಕುಟ್ಟಿದ ಕಪ್ಪು ಬೆಲ್ಲವನ್ನು ಪಕ್ಕಕ್ಕೆ ಸರಿಸಿದಳು. ಮಠದ ಬುಟ್ಟಿಗೆ ಕೈ ಹಾಕಿ ಹಳದಿ ಅಚ್ಚು ತೆಗೆದು ಕಲ್ಲಿನ ಕೆಳಗಿಟ್ಟಳು. “ಇವತ್ತು ಮನೆಗೂ ಇದೇ ಹೋಳಿಗೆ,” ಅಂದಳು.

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಎಂಥ ಮನುಷ್ಯ ಅಂತ ನೀವೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡಿರಿ. ಸರಿ. ಸಂತೆಯಲ್ಲಿ ಎರಡು ರಾಶಿ ಇದ್ದರೆ ನಿಮ್ಮ ಕೈ ಯಾವುದಕ್ಕೆ ಹೋಗುತ್ತೆ? ಹಳದಿಗೆ. ಹಳದಿಗೇ. ಪುಡಿ ಹಾಕಿದವನು ಅವನು, ಹಾಕಿಸಿದವರು ಯಾರು? ಮನೆಗೆ ನಾಲ್ಕು ಸಾಲು ಬದನೆ ಬಿಟ್ಟು, ಮಾರುವ ಬದನೆಗೆಲ್ಲ ಔಷಧಿ ಹೊಡೆಯುವವರು ಈ ಸಭೆಯಲ್ಲಿ ಇಲ್ಲವೇ? ನಮ್ಮ ಅಂಗಳ ಗುಡಿಸಿ ಕಸವನ್ನು ನಾಲೆಗೆ ಸುರಿಯುವವರು? ನಮಗೊಂದು, ಊರಿಗೊಂದು. ನಾಳೆ ಬೆಳಿಗ್ಗೆಯಿಂದ, ನೋಡಿ, ಏನನ್ನೇ ಆಗಲಿ ಕೊಡುವ ಮೊದಲು, ಮಾರುವ ಮೊದಲು, ಎಸೆಯುವ ಮೊದಲು, ಇದು ನನ್ನ ಬಸುರಿ ಮಗಳ ಬಾಯಿಗೆ ಹೋಗುತ್ತೆ ಅಂದುಕೊಳ್ಳಿ. ಕೈ ತಡೆದರೆ ಅಲ್ಲಿಗೇ ಬಿಡಿ. ಸಂತೆಯಲ್ಲಿ ಕಪ್ಪು ಬೆಲ್ಲ ಕೇಳಿ. ಪಕ್ಕದವರಿಗೆ ಕೇಳಿಸುವ ಹಾಗೆ ಬಾಯಿಬಿಟ್ಟು ಕೇಳಿ.

ಅವನು ಏನು ಮಾಡಿದ ಅಂತೀರಾ? ಹಳದಿ ಬೆಲ್ಲ ಬೇಳೆಯ ಪಾತ್ರೆಗೆ ಬೀಳುವ ಮೊದಲೇ, ಪೆನ್ನು ಕೊಡು ಅಂದ. ಹೌದು, ಹನ್ನೆರಡು ವರ್ಷದಿಂದ ಹಾಕುತ್ತಿದ್ದೆ, ಮಕ್ಕಳನ್ನು ಡಾಕ್ಟರಿಗೆ ತೋರಿಸಿ, ಖರ್ಚು ನನ್ನದು, ಅಂತ ಬರೆದು ಪೂರ್ತಿ ಹೆಸರು ಹಾಕಿದ. ಅಂಚೆ ಡಬ್ಬಿಯವರೆಗೆ ಮೂವರೂ ನಡೆದು ಹೋದರು. ಡಬ್ಬಿಯ ಬಾಯಲ್ಲಿ ಕಾಗದ ಇಟ್ಟು ಅವನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡ. ಆಮೇಲೆ ಬಿಟ್ಟ. ಅದು ತಳ ಮುಟ್ಟಿದ ಸದ್ದು ಕೇಳುವವರೆಗೂ ಹೆಂಡತಿ ಅಲ್ಲಿಂದ ಕದಲಲಿಲ್ಲ.